ಚಾಚಿದ ಬೆರಳು

ಪ್ರವಾಸಿ ಹಡಗಿನ ಕಂಬಿ ಹತ್ತಿ ಫೋಟೋ ತೆಗೆಯುತ್ತಿದ್ದ ಮದುಮಗ ಆಯತಪ್ಪಿ ಸಮುದ್ರಕ್ಕೆ ಬಿದ್ದ. ನೆಲ ಒರೆಸುತ್ತಿದ್ದ ಹೆಂಗಸು, "ಅಯ್ಯೋ, ನೀರಿಗೆ ಬಿದ್ರು!" ಎಂದು ಕಿರುಚಿ, ಗೋಡೆಯಲ್ಲಿದ್ದ ತೇಲುವ ಟ್ಯೂಬನ್ನು ಅವನತ್ತ ಎಸೆದಳು. ಆಮೇಲೆ ಅವನ ಕಡೆಗೇ ಬೆರಳು ಚಾಚಿ ನಿಂತಳು.

ಮದುಮಗಳು ಓಡಿಬಂದಳು. "ಎಲ್ಲಿದ್ದಾರೆ ಅಕ್ಕಾ?"

"ಅಗೋ, ಟ್ಯೂಬ್ ಹಿಡ್ಕೊಂಡ್ರು! ನನ್ನ ಮಾತಾಡಿಸ್ಬೇಡಮ್ಮ, ಕಣ್ಣು ತಪ್ಪಿದ್ರೆ ಮತ್ತೆ ಸಿಗಲ್ಲ."

ಹಡಗು ನಿಧಾನವಾಗಿ ತಿರುಗುವಷ್ಟರಲ್ಲಿ ಅವನ ತಲೆ ಸಾಸಿವೆ ಕಾಳಿನಷ್ಟಾಗಿತ್ತು. ಹೆಂಗಸಿನ ತೋಳು ನಡುಗತೊಡಗಿದಾಗ ಮದುಮಗಳು ಅದರಡಿ ಹೆಗಲು ಕೊಟ್ಟಳು. ಆ ಬೆರಳನ್ನೇ ನೋಡುತ್ತಾ ಹಡಗಿನ ಅಧಿಕಾರಿಯೊಬ್ಬ ರೇಡಿಯೋದಲ್ಲಿ ದಿಕ್ಕು ಹೇಳಿದ. ಹಡಗಿನಿಂದ ನೀರಿಗಿಳಿಸಿದ್ದ ರಕ್ಷಣಾ ದೋಣಿ ಅತ್ತಲೇ ನುಗ್ಗಿತು.

"ಹಿಡಿದ್ರು! ಮೇಲೆಳ್ಕೊಂಡ್ರು!" ಇಬ್ಬರೂ ತಬ್ಬಿಕೊಂಡು ಕುಣಿದರು.

"ಬರಲಿ, ಕಂಬಿ ಹತ್ತಿದ್ದಕ್ಕೆ ಕಿವಿ ಹಿಂಡ್ತೀನಿ," ಎಂದಳು ಮದುಮಗಳು, ಅಳುತ್ತಾ ನಗುತ್ತಾ.

"ಒಂದು ಕಿವಿ ನನಗೂ ಬಿಡಮ್ಮ," ಎಂದಳು ಹೆಂಗಸು.