ಓರೆಮುಖದ ಚೆನ್ನಮ್ಮ

ಅಂಜನಮೂರ್ತಿ ಮೂರನೆಯ ಸಲ ತಾಯಿಯ ರೆಪ್ಪೆಗಳನ್ನು ಕೆಳಕ್ಕೆ ಒತ್ತಿ ಹಿಡಿದ. ಕೈ ತೆಗೆದೊಡನೆ ಎಡಗಣ್ಣು ಮತ್ತೆ ಅರೆ ತೆರೆಯಿತು. ಗೋಡೆಗೆ ಒರಗಿಸಿ ಕೂರಿಸಿದ್ದ ಹೆಣದ ಕತ್ತು ಒಂದು ಕಡೆಗೆ ವಾಲಿತ್ತು.

"ಸತ್ರೂ ಈಯಮ್ಮ ನೆಟ್ಟಗೆ ನೋಡ್ಲಿಲ್ಲ ಬುಡು," ಎಂದು ಪಕ್ಕದ ಮನೆಯ ನಿಂಗಮ್ಮ ಸೆರಗಿನ ಮರೆಯಲ್ಲಿ ಹೇಳಿದಳು. ಅಳುತ್ತಿದ್ದ ಇಬ್ಬರು ಹೆಂಗಸರು ನಗುವನ್ನು ಅಳುವಿನೊಳಗೇ ಸೇರಿಸಿ ಮುಗಿಸಿದರು.

ಉಪ್ಪಾರಹಳ್ಳಿಯಲ್ಲಿ ಚೆನ್ನಮ್ಮನಿಗೆ ಜಂಬದ ಮುದುಕಿ ಎಂದೇ ಹೆಸರು. ಎದುರು ನಿಂತು ಮಾತಾಡಿಸಿದರೆ ಮುಖ ತಿರುಗಿಸುತ್ತಾಳೆ. ಗುಬ್ಬಿ ಕಡೆ ತೆಂಗಿನ ತೋಟ ಇರುವವರಿಗೆ ಬೀದಿಯ ಜನ ಮನುಷ್ಯರಂತೆ ಕಾಣುತ್ತಾರೆಯೆ ಎಂದು ಬೀದಿ ತೀರ್ಮಾನಿಸಿತ್ತು. ಸಾವಿಗೆ ಮಾತ್ರ ಎಲ್ಲರೂ ಬಂದಿದ್ದರು. ೧೯೮೪ರ ಆ ಭಾನುವಾರ ಯಾರಿಗೂ ಬೇರೆ ಕೆಲಸವಿರಲಿಲ್ಲ.

ಗಂಟೆ ಹನ್ನೊಂದಾದರೂ ಹೆಣ ಎತ್ತುವಂತಿರಲಿಲ್ಲ. ತವರಿನ ಸೀರೆ ಹೊದಿಸದೆ ಹೆಂಗಸನ್ನು ಮಣ್ಣು ಮಾಡುವ ಪದ್ಧತಿ ಅವರಲ್ಲಿಲ್ಲ. ತವರಿನ ಕಡೆ ಉಳಿದಿದ್ದವಳು ತಂಗಿ ಹನುಮಕ್ಕ ಒಬ್ಬಳೇ. ಅವಳು ಸೀರೆ ತೆಗೆದುಕೊಂಡು ಕುಣಿಗಲ್ಲಿನಿಂದ ಮೊದಲ ಬಸ್ಸಿಗೇ ಬಂದಿದ್ದಳು. ಬಂದವಳು ಗೇಟಿನ ಹೊರಗೇ ನಿಂತುಬಿಟ್ಟಿದ್ದಳು.

ಅಂಜನಮೂರ್ತಿ ಹೋಗಿ ಕರೆದ.

"ಐದು ವರ್ಷದ ಕೆಳಗೆ ನನ್ನ ಮಗಳ ಮದುವೇಲಿ ನಿಮ್ಮವ್ವ ನನ್ನ ಕಂಡು ಮಕ ತಿರುಗಿಸಿದ್ಲು," ಎಂದಳು ಹನುಮಕ್ಕ. "ಯಾಕೆ ಅಂತ ಅವಳು ಹೇಳ್ಲಿಲ್ಲ. ನೀನಾದ್ರೂ ಹೇಳು ಮೂರ್ತಿ. ಹೇಳಿದ್ರೆ ಒಳಕ್ಕೆ ಬತ್ತೀನಿ."

ಅಂಜನಮೂರ್ತಿ ಹಿಂತಿರುಗಿ ನೋಡಿದ. ಜಗಲಿಯ ಮೇಲೆ, ಮನೆಯಲ್ಲಿದ್ದ ಒಂದೇ ಕುರ್ಚಿಯಲ್ಲಿ ಲಕ್ಷ್ಮೀನರಸಿಂಹಯ್ಯ ಕೂತಿದ್ದರು. ಅವರೂ ಕುಣಿಗಲ್ಲಿನವರೇ. ಮಗನಿಗೆ ಕೆಇಬಿಯಲ್ಲಿ ನೌಕರಿ. ಅಂಜನಮೂರ್ತಿಯ ಮಗಳು ಪುಟ್ಟಲಕ್ಷ್ಮಿಯನ್ನು ಆ ಹುಡುಗನಿಗೆ ತರುವ ಮಾತು ಇನ್ನೇನು ಮುಗಿಯುವುದರಲ್ಲಿತ್ತು. ಸಾವಿಗೆ ಬಂದಿದ್ದ ಅವರು ಹೆಣಕ್ಕಿಂತ ಮನೆಯನ್ನೇ ಹೆಚ್ಚು ನೋಡುತ್ತಿದ್ದರು.

"ಆಮೇಲೆ ಹೇಳ್ತೀನಿ, ಬಾ ಚಿಕ್ಕವ್ವ."

"ಮಣ್ಣು ಮುಚ್ಚಿದ ಮೇಲೆ ಕೇಳಿ ನಾನೇನ್ಲಾ ಮಾಡ್ಲಿ?"

*

ಕಾರಣ ಅಂಜನಮೂರ್ತಿಗೆ ಗೊತ್ತಿತ್ತು. ಆ ಮದುವೆಗೆ ಒಂದು ವರ್ಷ ಮೊದಲು ತಾಯಿಯನ್ನು ಬೆಂಗಳೂರಿಗೆ ಕರೆದೊಯ್ದಿದ್ದ. ಪೊರೆ ಇರಬೇಕು, ತೆಗೆಸಿದರಾಯಿತು ಎಂದುಕೊಂಡಿದ್ದ. ಡಾಕ್ಟರು ಕಣ್ಣಿಗೆ ಔಷಧಿ ಬಿಟ್ಟು, ದೀಪ ಹಾಕಿ ನೋಡಿ, ಪೊರೆಯಲ್ಲ ಎಂದರು. ಕಣ್ಣಿನ ಹಿಂದಿನ ಪರದೆಯಲ್ಲಿ ವರ್ಷಗಟ್ಟಲೆ ಹಳದಿ ಕಸ ಚುಕ್ಕೆ ಚುಕ್ಕೆಯಾಗಿ ಕೂತಿದೆ. ಈಗ ಪರದೆಯ ನಡುಭಾಗವೇ ಸವೆದುಹೋಗಿದೆ. ಪೂರ್ತಿ ಕುರುಡಾಗುವುದಿಲ್ಲ, ಓಡಾಡಿಕೊಂಡಿರುತ್ತಾರೆ. ಆದರೆ ನೇರ ನೋಡಿದ್ದು ಕಾಣುವುದಿಲ್ಲ, ಎದುರಿನವರ ಮುಖ ಕಾಣುವುದಿಲ್ಲ. ಅಂಚಿನ ನೋಟ ಉಳಿದಿದೆ, ಅದಕ್ಕೇ ಕತ್ತು ತಿರುಗಿಸಿ ನೋಡುತ್ತಾರೆ. ಔಷಧಿಯಿಲ್ಲ. ವಂಶದಲ್ಲಿ ಬರುತ್ತದೆಯೆ ಎಂದು ಅಂಜನಮೂರ್ತಿ ಕೇಳಿದ. ಕೆಲವು ಮನೆಗಳಲ್ಲಿ ಬರುತ್ತದೆ, ಅದೂ ವಯಸ್ಸಾದ ಮೇಲೆ ಎಂದರು ಡಾಕ್ಟರು.

ಅಂಜನಮೂರ್ತಿಗೆ ಕೇಳಿಸಿದ್ದು ಅದರ ಮೊದಲರ್ಧ ಮಾತ್ರ. ಮನೆಗೆ ಬಂದವನೇ ತಾಯಿಯ ಕೈಯನ್ನು ಹದಿನಾಲ್ಕು ವರ್ಷದ ಪುಟ್ಟಲಕ್ಷ್ಮಿಯ ತಲೆಯ ಮೇಲೆ ಇರಿಸಿ, ಯಾರಿಗೂ ಹೇಳುವುದಿಲ್ಲ ಎಂದು ಆಣೆ ಮಾಡಿಸಿದ.

ಕುಣಿಗಲ್ಲಿನ ಛತ್ರದಲ್ಲಿ ಹನುಮಕ್ಕ ಬಾಗಿಲಲ್ಲೇ ಎದುರಾದಳು. ಚೆನ್ನಮ್ಮನಿಗೆ ಕಂಡದ್ದು ಜರಿಸೀರೆಯುಟ್ಟ ಒಂದು ಆಕಾರ. ಯಾರೆಂದು ತಿಳಿಯಲು ಕತ್ತನ್ನು ಕಂಬದ ಕಡೆಗೆ ತಿರುಗಿಸಿದಳು. ಕಾಲ ಬಳಿ ಬಿದ್ದಿದ್ದ ಅಡಿಕೆ ಕಣ್ಣಂಚಿಗೆ ಸಿಕ್ಕಿತು. ಬಗ್ಗಿ ಎತ್ತಿಕೊಂಡಳು.

"ಬಿದ್ದಿರೋ ಅಡ್ಕೆ ಕಾಣ್ತದೆ, ಒಡಹುಟ್ಟಿದೋಳ ಮಕ ಕಾಣಾಕಿಲ್ವ?"

ದನಿಯ ಗುರುತು ಹತ್ತಿ ಚೆನ್ನಮ್ಮ ಕೈ ಚಾಚುವಷ್ಟರಲ್ಲಿ ಹನುಮಕ್ಕ ಒಳಗೆ ಹೋಗಿದ್ದಳು. ಹಿಂದೆ ಹೋಗಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಮೊಮ್ಮಗಳ ತಲೆಯ ಮೇಲಿನ ಆಣೆ. ಚೆನ್ನಮ್ಮ ಅಂಥವನ್ನೆಲ್ಲ ನಂಬುವ ಹೆಂಗಸು. ಕೊನೆಯ ಪಂಕ್ತಿಯಲ್ಲಿ ಉಂಡು ಬಸ್ಸು ಹತ್ತಿದಳು.

*

"ಅವಳ ಕಣ್ಣಿಗೇನಾರ ಆಗಿತ್ತಾ ಮೂರ್ತಿ?" ಎಂದಳು ಹನುಮಕ್ಕ. ಹೌದು ಎನ್ನಲಿ ಎಂಬ ಆಸೆ ಅವಳ ದನಿಯಲ್ಲೇ ಇತ್ತು.

ಜಗಲಿಯ ಕುರ್ಚಿ ಕಿರುಗುಟ್ಟಿತು.

"ಕಣ್ಣಿಗೇನು ರೋಗ ಚಿಕ್ಕವ್ವ? ಚೆನ್ನಾಗೇ ಕಾಣ್ತಿತ್ತು," ಎಂದ ಅಂಜನಮೂರ್ತಿ, ಜಗಲಿಗೂ ಕೇಳಿಸುವಂತೆ. "ಅವ್ವಂಗೆ ಸ್ವಲ್ಪ ಜಂಬ. ಮೊದ್ಲಿಂದ್ಲೂ."

ತಾಯಿಯ ಹೆಣ ಹತ್ತು ಹೆಜ್ಜೆ ದೂರದಲ್ಲಿತ್ತು. ಮಾತು ಆಡಿದ ಮೇಲೆ ಅವನಿಗೆ ಹಗುರವೇ ಆಯಿತು. ಹನುಮಕ್ಕ ಸೀರೆಯ ಪೊಟ್ಟಣವನ್ನು ಗೇಟಿನ ಕಂಬದ ಮೇಲಿಟ್ಟು, "ನೀವೇ ಹೊದಿಸ್ಕಳಿ," ಎಂದು ಬಸ್ಸಿನ ದಾರಿ ಹಿಡಿದಳು.

ಲಕ್ಷ್ಮೀನರಸಿಂಹಯ್ಯನವರಿಗೆ ಸಮಾಧಾನವಾಗಿರಲಿಲ್ಲ. ಛತ್ರದ ಕತೆಯನ್ನು ಅವರೂ ಕೇಳಿದ್ದರು. ಕೊಳ್ಳುವ ಹಸುವಿನ ಹಲ್ಲನ್ನು ತಾವೇ ಎಣಿಸುವ ಮನುಷ್ಯ ಅವರು. ಬಂದವರಿಗೆ ನೀರು ಕೊಡುತ್ತಿದ್ದ ಪುಟ್ಟಲಕ್ಷ್ಮಿಯನ್ನು ಹತ್ತಿರ ಕರೆದರು. ಅತ್ತು ಅತ್ತು ಅವಳ ಮುಖ ಊದಿಕೊಂಡಿತ್ತು.

"ಮಗಾ, ರೋಡಿನಾಚೆ ಆ ಬೋರ್ಡಲ್ಲಿ ಏನ್ ಬರ್ದವ್ರೆ? ಸುಮ್ನೆ ಓದು ನೋಡನ."

ಅಂಜನಮೂರ್ತಿ ಮಗಳಿಗೆ ಸನ್ನೆ ಮಾಡಿದ, ಓದು ಎಂದು. ಅದು ಹಿಟ್ಟಿನ ಗಿರಣಿಯ ಬೋರ್ಡು. ಪುಟ್ಟಲಕ್ಷ್ಮಿಗೆ ಗಿರಣಿಯ ಹೆಸರು ಕಾಣುತ್ತಿತ್ತು; ಮೂಲೆಯಲ್ಲಿ ಸಣ್ಣಗೆ ಬರೆದಿದ್ದ ಪೇಂಟರನ ಹೆಸರೂ ಕಾಣುತ್ತಿತ್ತು.

"ಕಾಣಲ್ಲ," ಎಂದಳು.

"ಏನಂದೆ?"

"ನಂಗೂ ಕಾಣಲ್ಲ. ನಮ್ಮಜ್ಜಿಗೆ ಯಾರ ಮುಖಾನೂ ಕಾಣ್ತಿರ್ಲಿಲ್ಲ. ಡಾಕ್ಟ್ರು ಹೇಳಿದ್ರು. ಹೊರಗೆ ಹೇಳ್ಬಾರ್ದು ಅಂತ ಅಪ್ಪ ಆಣೆ ಮಾಡಿಸಿದ್ರು."

ದನಿ ಎತ್ತರಿಸಿದ್ದು ರಸ್ತೆಗೂ ಮುಟ್ಟಲಿ ಎಂದು. ಮುಟ್ಟಿತು. ನಿಂಗಮ್ಮನ ಅಳು ನಿಂತಿತು. ಹುಡುಗಿಗೆ ದುಃಖದಲ್ಲಿ ತಲೆ ಕೆಟ್ಟಿದೆ ಎಂದೇನೋ ಅಂಜನಮೂರ್ತಿ ಶುರುಮಾಡಿದ. ಯಾರೂ ಅವನ ಕಡೆ ನೋಡಲಿಲ್ಲ. ಹನುಮಕ್ಕ ವಾಪಸು ಬಂದು, ಕಂಬದ ಮೇಲಿನ ಪೊಟ್ಟಣ ಎತ್ತಿಕೊಂಡು ನೇರ ಒಳಗೆ ನಡೆದಳು. ಹೆಣದ ಎದುರು ಕುಕ್ಕರಿಸಿ, ವಾಲಿದ್ದ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು.

"ನಾನು ಹನುಮಿ ಕಣಕ್ಕ," ಎಂದಳು.

ಲಕ್ಷ್ಮೀನರಸಿಂಹಯ್ಯ ಎದ್ದರು. ಬಸ್ಸಿಗೆ ಹೊತ್ತಾಯಿತು ಎಂದು ಯಾರಿಗೂ ಅಲ್ಲದಂತೆ ಹೇಳಿದರು. ಮೆಟ್ಟಿಲ ಕೆಳಗೆ ಬೀದಿಯವರೆಲ್ಲರ ಚಪ್ಪಲಿ ರಾಶಿ ಬಿದ್ದಿತ್ತು. ಅವರದು ಒಂದು ಬೇಗ ಸಿಕ್ಕಿತು. ಇನ್ನೊಂದಕ್ಕಾಗಿ ಪಂಚೆ ಎತ್ತಿ ಹಿಡಿದು, ಸೊಂಟ ಬಗ್ಗಿಸಿ, ಬೇರೆಯವರ ಚಪ್ಪಲಿಗಳನ್ನು ಬರಿಗಾಲಿನಿಂದ ಒಂದೊಂದಾಗಿ ತಳ್ಳುತ್ತ, ಒಳಗಿನಿಂದ ಅಳು ಮತ್ತೆ ಎದ್ದ ಮೇಲೂ ಅವರು ಹುಡುಕುತ್ತಲೇ ಇದ್ದರು.