ಕುರ್ಚಿ ತುಂಬಿಸಲು ಹೋದವರು

ಲಿಫ್ಟಿನೊಳಗೆ ಸಿಕ್ಕಿಹಾಕಿಕೊಂಡವರು ಗಂಟೆಯ ಚಿತ್ರವಿರುವ ಗುಂಡಿ ಒತ್ತಿದರೆ ಆ ಕಡೆಯಿಂದ ಯಾರೋ ಮಾತಾಡುತ್ತಾರಲ್ಲ, ಆ ಯಾರೋ ಕೂತಿರುತ್ತಿದ್ದದ್ದು ಒಂದು ಟೈರ್ ಅಂಗಡಿಯ ಮೇಲಿನ ಕೋಣೆಯಲ್ಲಿ. ಕೋಣೆ ಸೊಸೆಯದು. ಅವಳನ್ನು ಎಲ್ಲರೂ ಸೊಸೆ ಎಂದೇ ಕರೆಯುತ್ತಿದ್ದರು. ಅವಳ ಅತ್ತೆ ಕೋಣೆಯ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ದಿನವಿಡೀ "ನನ್ನ ಸೊಸೆ, ನನ್ನ ಸೊಸೆ" ಅನ್ನುತ್ತಿದ್ದರು. ಬೈಯುವುದಕ್ಕೂ ಅದೇ, ಹೊಗಳುವುದಕ್ಕೂ ಅದೇ.

ಸೊಸೆ ಮೊದಲು ಒಂದು ಆಸ್ಪತ್ರೆಯಲ್ಲಿ ಫೋನ್ ಎತ್ತುವ ಕೆಲಸದಲ್ಲಿದ್ದವಳು. ಆಸ್ಪತ್ರೆಯವರು ಆ ವಿಭಾಗವನ್ನೇ ಮುಚ್ಚಿದಾಗ, ತನ್ನ ಜೊತೆ ಬೀದಿಗೆ ಬಿದ್ದ ಐವರು ಹೆಂಗಸರನ್ನು ಕಟ್ಟಿಕೊಂಡು ಈ ಕೋಣೆ ಹಿಡಿದಳು. ಅಲೆದಾಡಿ ಕೊನೆಗೆ ಸಿಕ್ಕಿದ್ದು ಲಿಫ್ಟಿನ ಕೆಲಸ. ಅದೂ ನೇರವಾಗಿ ಸಿಕ್ಕಿದ್ದಲ್ಲ. ಲಿಫ್ಟ್ ಕಂಪನಿ ಈ ಕೆಲಸವನ್ನು ಗಾಜಿನ ಕಟ್ಟಡವೊಂದರಲ್ಲಿದ್ದ ದೊಡ್ಡ ಕಂಪನಿಗೆ ಒಪ್ಪಿಸಿತ್ತು. ಆ ಕಂಪನಿ ಸದ್ದಿಲ್ಲದೆ ಅದನ್ನು ಇನ್ನೊಂದಕ್ಕೆ ದಾಟಿಸಿತ್ತು. ಆ ಇನ್ನೊಂದು ಕಂಪನಿ ಎಂದರೆ ಒಬ್ಬ ಮನುಷ್ಯ, ಒಂದು ಕಾರು, ಎರಡು ಮೊಬೈಲು, ಅಷ್ಟೆ. ಏನು ಕೇಳಿದರೂ "ಆಯ್ತಾಯ್ತು" ಅನ್ನುತ್ತಿದ್ದುದರಿಂದ ಹೆಂಗಸರು ಅವನಿಗೆ ಅದನ್ನೇ ಹೆಸರಾಗಿ ಇಟ್ಟಿದ್ದರು. ಆಯ್ತಾಯ್ತು ಅದನ್ನು ಸೊಸೆಗೆ ದಾಟಿಸಿದ್ದ. ಹೀಗೆ ಕೈಯಿಂದ ಕೈಗೆ ಇಳಿಯುವಾಗ ಕೆಲಸ ಮಾತ್ರ ಪೂರ್ತಿ ಬಂದು ತಲುಪುತ್ತಿತ್ತು; ಉಳಿದದ್ದೆಲ್ಲ ದಾರಿಯಲ್ಲೇ ಸೋರಿಹೋಗುತ್ತಿತ್ತು.

"ಸಿಕ್ಕಿಹಾಕ್ಕೊಂಡೋರ ಜೊತೆ ಹರಟೆ ಹೊಡೆಯೋದೂ ಒಂದು ಕೆಲಸನಾ?" ಎಂದು ಅತ್ತೆ ಮೂಗು ಮುರಿಯುತ್ತಿದ್ದರು. ಆದರೆ ಕರೆ ಬಂದಾಗಲೆಲ್ಲ ಅವರ ಕಿವಿ ನೆಟ್ಟಗಾಗುತ್ತಿತ್ತು.

ಒಂದು ಮಧ್ಯಾಹ್ನ ಆಯ್ತಾಯ್ತು ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದ.

"ಅಕ್ಕಾ, ಮಾನ ಉಳಿಸ್ಬೇಕು. ನಾಳೆ ಲಿಫ್ಟ್ ಕಂಪನಿಯಿಂದ ಇಂಜಿನಿಯರ್ ಮೇಡಂ ಗಾಜಿನ ಬಿಲ್ಡಿಂಗಿಗೆ ಬರ್ತಾರಂತೆ. ಕರೆ ತಗೊಳ್ಳೋರನ್ನ ಕಣ್ಣಾರೆ ನೋಡ್ಬೇಕಂತೆ."

"ನೋಡ್ಲಿ. ಇಲ್ಲಿಗೇ ಕರ್ಕೊಂಡ್ ಬನ್ನಿ."

"ಒಳ್ಳೇ ಕತೆ! ಇಲ್ಲಿ ಕೆಲಸ ನಡೀತಿದೆ ಅಂತ ಅವರಿಗೆ ಗೊತ್ತೇ ಇಲ್ಲ. ಬೇರೆಯವರಿಗೆ ದಾಟಿಸ್ಬಾರದು ಅಂತ ಕರಾರಲ್ಲೇ ಇದೆಯಂತೆ. ನೀವೆಲ್ಲ ಅಲ್ಲಿ ಹೋಗಿ ಕೂತ್ಕೊಳ್ಳಿ, ಅಲ್ಲಿಯವರ ಥರ. ನಾನೇ ವ್ಯಾನ್ ಕಳಿಸ್ತೀನಿ."

"ಅಷ್ಟರಲ್ಲಿ ಯಾರಾದ್ರೂ ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡ್ರೆ?"

"ಲೈನ್‌ನ ಅಲ್ಲಿಗೇ ತಿರುಗಿಸ್ತಾರೆ."

"ತಿರುಗಿಸಿದಾರಾ?"

"ಆಯ್ತಾಯ್ತು, ಆಗುತ್ತೆ."

ಆ 'ಆಗುತ್ತೆ'ಯನ್ನು ಎಷ್ಟು ನಂಬಬಹುದೆಂದು ಸೊಸೆಗೆ ಗೊತ್ತಿತ್ತು. ಒಬ್ಬಳನ್ನಾದರೂ ಇಲ್ಲಿ ಬಿಟ್ಟು ಬರುತ್ತೇನೆಂದಳು. ಒಂದು ಕುರ್ಚಿ ಖಾಲಿ ಕಂಡರೂ ಕೆಲಸ ಕೈತಪ್ಪುತ್ತದೆ ಎಂದು ಅವನು ಕೈಮುಗಿದ. ಒಲ್ಲೆನೆಂದರೆ ಐದು ಮನೆಗಳ ಒಲೆ ಆರುತ್ತದೆ. ಅವಳು ಹಲ್ಲುಕಚ್ಚಿ ಒಪ್ಪಿದಳು. ಅವನು ಇಳಿದುಹೋದ ಮೇಲೆ ಮೂಲೆಯ ಕಡೆ ತಿರುಗಿದಳು.

"ಅತ್ತೆ, ನಾಳೆ ಫೋನ್ ಹತ್ರ ನೀವು ಕೂತ್ಕೋತೀರಾ? ಕರೆ ಬಂದ್ರೆ ಅವರನ್ನ ಮಾತಾಡಿಸ್ತಾ ಇರಿ. ಜೊತೆಗೇ ನನ್ನ ಮೊಬೈಲಿಗೆ ಹೇಳಿ."

"ಮಾತಾಡೋದನ್ನ ನೀನು ನನಗೆ ಹೇಳಿಕೊಡ್ತೀಯೇನೇ?" ಎಂದರು ಅತ್ತೆ.

ಮರುದಿನ ಗಾಜಿನ ಕಟ್ಟಡದಲ್ಲಿ ಹೆಜ್ಜೆ ಸದ್ದನ್ನೇ ನುಂಗುವ ಕಾರ್ಪೆಟ್ಟು, ಮೈ ಕೊರೆಯುವ ಏಸಿ. ಮ್ಯಾನೇಜರು ಎಲ್ಲರ ಕೊರಳಿಗೂ ಯಾರಯಾರದೋ ಗುರುತಿನ ಚೀಟಿ ತೂಗುಹಾಕಿದ. ಗುಂಡಕ್ಕ ಎಂದು ಎಲ್ಲರೂ ಕರೆಯುತ್ತಿದ್ದ ದಪ್ಪನೆಯ ಹೆಂಗಸಿಗೆ ಸಿಕ್ಕಿದ್ದರಲ್ಲಿ ಮೀಸೆಯವನೊಬ್ಬನ ಫೋಟೋ ಇತ್ತು.

"ತಿರುಗಿಸಿ ಹಾಕ್ಕೊಳ್ಳಿ," ಎಂದ ಮ್ಯಾನೇಜರು.

"ಯಾವುದನ್ನ, ಮುಖಾನಾ?" ಎಂದಳು ಗುಂಡಕ್ಕ.

ಸೊಸೆಗೆ ನಗು ಬರಲಿಲ್ಲ. ಅವಳು ಹೆಡ್‌ಫೋನಿನ ವೈರು ಎಲ್ಲಿಗೆ ಹೋಗಿದೆ ಎಂದು ಹಿಡಿದು ನೋಡಿದಳು. ಅದು ಮೇಜಿನ ಹಿಂದೆ ಎಲ್ಲಿಗೂ ಸೇರದೆ ನೇತಾಡುತ್ತಿತ್ತು.

ಇಂಜಿನಿಯರಮ್ಮ ಬಂದರು. ನರೆತ ಕೂದಲು, ಸವೆದ ಚಪ್ಪಲಿ, ಕಡಿಮೆ ಮಾತು. ಮ್ಯಾನೇಜರು ದೊಡ್ಡ ಪರದೆಯ ಮೇಲೆ ಬಣ್ಣಬಣ್ಣದ ಚಿತ್ರ ಹಾಕಿ ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. ಆಮೇಲೆ ಎದ್ದು ನಿಂತರು.

"ಈ ಬಿಲ್ಡಿಂಗಲ್ಲಿರೋದೂ ನಮ್ಮ ಲಿಫ್ಟೇ ಅಲ್ವಾ? ಒಂದ್ಸಲ ಗುಂಡಿ ಒತ್ತಿ ನೋಡ್ತೀನಿ."

ಲಿಫ್ಟು ಆ ಕೋಣೆಯ ಎದುರಿಗೇ ಇತ್ತು. ಅವರು ಬಾಗಿಲಿಗೆ ಕಾಲು ಅಡ್ಡ ಕೊಟ್ಟು ನಿಂತು, ಗುಂಡಿ ಒತ್ತಿದರು. ಕೋಣೆಯೊಳಗೆ ಕೂತ ಆರೂ ಜನರ ಮುಂದೆ ಒಂದು ಫೋನೂ ಕಿಣಿ ಅನ್ನಲಿಲ್ಲ. ಬದಲಿಗೆ ಲಿಫ್ಟಿನ ಗೋಡೆಯಿಂದ ವಯಸ್ಸಾದ ದನಿಯೊಂದು ಗಟ್ಟಿಯಾಗಿ ಬಂತು.

"ಯಾರಪ್ಪಾ ಒಳಗೆ? ಹೆದರ್ಕೋಬೇಡಿ. ಒಬ್ಬರೇ ಇದೀರಾ? ದೀಪ ಉರೀತಿದೆಯಾ?"

ಸೊಸೆ ಹೆಡ್‌ಫೋನ್ ಕಿತ್ತಿಟ್ಟು ಕಿವಿಗೊಟ್ಟಳು. ಅದು ಅತ್ತೆಯ ದನಿ.

"ಒಬ್ಬಳೇ ಇದೀನಿ," ಎಂದರು ಇಂಜಿನಿಯರಮ್ಮ. "ನೀವು ಎಲ್ಲಿಂದ ಮಾತಾಡ್ತಿದೀರಮ್ಮಾ?"

"ಎಲ್ಲಿಂದ ಅಂದ್ರೆ? ನನ್ನ ಸೊಸೆ ಆಫೀಸಿಂದ. ಕೆಳಗೆ ಟೈರ್ ಅಂಗಡಿ ಇದೆ ನೋಡಿ, ಅದರ ಮೇಲೆ. ಅವಳನ್ನೂ ಜೊತೆಯವರನ್ನೂ ಇವತ್ತು ಯಾವುದೋ ಗಾಜಿನ ಬಿಲ್ಡಿಂಗಿನವರು ಕುರ್ಚಿ ತುಂಬಿಸೋಕೆ ಕರ್ಕೊಂಡ್ ಹೋಗಿದಾರೆ. ಅದಕ್ಕೇ ನಾನು ಕೂತಿದೀನಿ. ನೀವೆಲ್ಲಿದೀರಿ ಅಂತ ಇಲ್ಲಿ ಬರೆದು ಬಂದಿದೆ, ಕನ್ನಡಕ ಹಾಕ್ಕೋತೀನಿ, ಇರಿ." ಕನ್ನಡಕದ ಡಬ್ಬಿ ತೆರೆದ ಸದ್ದು. "ಅಯ್ಯೋ ಪುಣ್ಯಾತ್ಗಿತ್ತಿ! ನೀವಿರೋದು ಅದೇ ಬಿಲ್ಡಿಂಗಲ್ಲೇ! ಜೋರಾಗಿ 'ಸೊಸೇ' ಅಂತ ಕೂಗಿ. ಅಲ್ಲೇ ಎಲ್ಲೋ ಸುಮ್ನೆ ಕೂತಿರ್ತಾಳೆ, ಬಂದು ಬಿಡಿಸ್ತಾಳೆ."

ಗುಂಡಕ್ಕ ಬಾಯಿಗೆ ಕೈ ಅಡ್ಡ ಹಿಡಿದರೂ ನಗು ಬೆರಳ ಸಂದಿಯಿಂದ ಚಿಮ್ಮಿತು. "ಅದು ನಮ್ಮ ಬದಲಿ ಕೇಂದ್ರ, ಮೇಡಂ," ಎಂದು ಮ್ಯಾನೇಜರು ತೊದಲಿದ. ಇಂಜಿನಿಯರಮ್ಮ ಅವನತ್ತ ನೋಡಲೇ ಇಲ್ಲ.

"ಸೊಸೆ ಯಾರು?" ಎಂದು ಕೇಳಿದರು.

ವ್ಯಾನಿನ ಜೊತೆಗೇ ಬಂದು ಬಾಗಿಲ ಬಳಿ ನಿಂತಿದ್ದ ಆಯ್ತಾಯ್ತು ಬೇಡ ಬೇಡವೆಂದು ತಲೆಯಾಡಿಸಿದ. ಸುಮ್ಮನಿದ್ದರೆ ಈ ದಿನ ಹೇಗೋ ಕಳೆದೀತು, ನಾಳೆಯೂ ಕೆಲಸ ಉಳಿದೀತು. ಆದರೆ ಅಲ್ಲಿ, ಟೈರ್ ಅಂಗಡಿಯ ಮೇಲೆ, ಅತ್ತೆ ನಿಜವಾಗಿಯೂ ಯಾರೋ ಸಿಕ್ಕಿಹಾಕಿಕೊಂಡಿದ್ದಾರೆಂದು ನಂಬಿ ಕಾಯುತ್ತಿದ್ದರು. ಸೊಸೆ ಕೊರಳಿನ ಚೀಟಿ ಕಳಚಿ ಮೇಜಿನ ಮೇಲಿಟ್ಟು ಎದ್ದಳು.

"ನಾನೇ, ಮೇಡಂ. ಅವರು ನಮ್ಮತ್ತೆ. ನಿಮ್ಮ ಲಿಫ್ಟಿನ ಕರೆಗಳನ್ನೆಲ್ಲ ಮೊದಲಿಂದಲೂ ತಗೊಳ್ತಿರೋದು ನಾವೇ. ನಾವು ಇಲ್ಲಿಯವರಲ್ಲ."

ನೇರ ಲಿಫ್ಟಿನ ಹತ್ತಿರ ಹೋಗಿ, "ಅತ್ತೆ, ಅವರು ಕ್ಷೇಮವಾಗಿದಾರೆ. ಫೋನ್ ಇಡಿ," ಎಂದಳು.

"ಇಷ್ಟು ಬೇಗ ಬಿಡಿಸಿದೆಯಾ!" ಎಂದಿತು ಗೋಡೆ. "ನನ್ನ ಸೊಸೆ ಅಂದ್ರೆ ಸುಮ್ನೇನಾ!"

ಈ ಸಲ ಇಂಜಿನಿಯರಮ್ಮನೂ ನಕ್ಕರು. ಮ್ಯಾನೇಜರು ತರಿಸಿದ್ದ ಕಾಫಿ ಮುಟ್ಟದೆ, "ನಡೀರಿ, ನಿಮ್ಮ ಆಫೀಸು ನೋಡೋಣ," ಎಂದು ಅದೇ ವ್ಯಾನಿನಲ್ಲಿ ಹೆಂಗಸರ ನಡುವೆ ಒತ್ತರಿಸಿಕೊಂಡು ಕೂತರು.

ಅವರು ಕೋಣೆಗೆ ಕಾಲಿಡುವಾಗಲೇ ಫೋನು ಬಡಿದುಕೊಂಡಿತು. ಸೊಸೆ ಓಡಿ ಹೋಗಿ ಎತ್ತಿದಳು. ಪೇಂಟರ್ ಒಬ್ಬ ಎರಡು ಮಹಡಿಗಳ ನಡುವೆ ನಿಂತುಹೋಗಿದ್ದ. ಬಣ್ಣದ ಡಬ್ಬ ಮಗುಚಿತ್ತು, ಅವನಿಗೆ ಉಸಿರು ಕಟ್ಟುತ್ತಿತ್ತು. ಗುಂಡಕ್ಕ ಇನ್ನೊಂದು ಫೋನಿನಲ್ಲಿ ಆಗಲೇ ಮೆಕ್ಯಾನಿಕ್ಕಿಗೆ ದಾರಿ ಹೇಳುತ್ತಿದ್ದಳು.

"ಯಾವ ಬಣ್ಣ ಅಣ್ಣಾ?" ಎಂದು ಸೊಸೆ ಕೇಳಿದಳು.

"ಹಸಿರು... ಎಲ್ಲಾ ಹಸಿರಾಗೋಯ್ತು ಅಕ್ಕಾ."

"ಯಾರ ಮನೆಗೆ?"

"ಅದೊಂದು ಮುದುಕಪ್ಪ. ಮೊದಲು ನೀಲಿ ಅಂದ, ಹಚ್ಚಿದ ಮೇಲೆ ಹಸಿರು ಅಂದ."

"ಈಗ ಲಿಫ್ಟನ್ನೂ ಹಸಿರು ಮಾಡಿದೀರಲ್ಲ, ಅದಕ್ಕೆ ಏನಂತಾನೋ!"

ಪೇಂಟರ್ ನಕ್ಕ. ನಕ್ಕ ಮೇಲೆ ಉಸಿರು ಸರಿಯಾಯಿತು. ಮುದುಕಪ್ಪನ ಹಠಗಳನ್ನೆಲ್ಲ ಅವನು ಹೇಳಿ ಮುಗಿಸುವ ಮೊದಲೇ ಬಾಗಿಲು ತೆರೆದ ಸದ್ದು ಕೇಳಿಸಿತು. ಇಂಜಿನಿಯರಮ್ಮ ಅಷ್ಟು ಹೊತ್ತೂ ಗೋಡೆಗೊರಗಿ ನಿಂತೇ ಇದ್ದರು. ಅತ್ತೆ ತಮ್ಮ ಕುರ್ಚಿ ತಳ್ಳಿ ಕೊಟ್ಟರೂ ಕೂರಲಿಲ್ಲ.

ಆಮೇಲಿನದು ಸಲೀಸಾಗಿ ಆಗಲಿಲ್ಲ. ಗಾಜಿನ ಕಂಪನಿ ವಕೀಲರನ್ನು ಛೂ ಬಿಟ್ಟಿತು, ಲೈನು ಕಿತ್ತಿತು. ಕೆಲವು ವಾರ ಹೆಂಗಸರು ಬರಿಗೈಯಲ್ಲಿ ಕೂತರು. ಗುಂಡಕ್ಕ ಟೈರ್ ಅಂಗಡಿಯ ಲೆಕ್ಕ ಬರೆದುಕೊಟ್ಟು ದಿನ ದೂಡಿದಳು. ಒಬ್ಬಳೂ ಬಿಟ್ಟು ಹೋಗಲಿಲ್ಲ. ಕೊನೆಗೆ ಕರಾರು ಮುರಿದದ್ದು ಗಾಜಿನ ಕಂಪನಿಯೇ ಎಂದು ಇತ್ಯರ್ಥವಾಯಿತು. ಲಿಫ್ಟ್ ಕಂಪನಿ ಸೊಸೆಯನ್ನು ಕರೆಸಿ, ನಡುವೆ ಯಾರೂ ಇಲ್ಲದೆ, ಅವಳ ಜೊತೆಗೇ ಸಹಿ ಮಾಡಿತು. ಆವತ್ತು ಅವಳು ಮೆಟ್ಟಿಲನ್ನು ಹತ್ತಲಿಲ್ಲ, ಹಾರಿಕೊಂಡು ಬಂದಳು. ಕೋಣೆಯಲ್ಲಿ ಎದ್ದ ಕೂಗಿಗೆ ಕೆಳಗಿನ ಅಂಗಡಿಯವರು ಏನೋ ಅನಾಹುತವಾಯಿತೆಂದು ಸ್ಪ್ಯಾನರ್ ಹಿಡಿದು ಮೇಲೆ ಓಡಿ ಬಂದರು. ಗುಂಡಕ್ಕ ಅವರನ್ನೂ ಎಳೆದುಕೊಂಡು ಕುಣಿದಳು.

ಪಕ್ಕದ ಕೋಣೆಯನ್ನೂ ಹಿಡಿದು, ಇನ್ನಷ್ಟು ಜನರನ್ನು ಸೇರಿಸಿಕೊಂಡ ಹೊತ್ತಿಗೆ ಒಂದು ದಿನ ಬಾಗಿಲಲ್ಲಿ ಆಯ್ತಾಯ್ತು ನಿಂತಿದ್ದ. ಕಾರು ಇರಲಿಲ್ಲ. ಒಂದೇ ಮೊಬೈಲು.

"ಅಕ್ಕಾ, ಏನಾದ್ರೂ ಕೆಲಸ..."

ಸೊಸೆ ಅವನನ್ನು ನೋಡಿದಳು. ಬೈಗುಳ ನಾಲಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ಹೆಡ್‌ಫೋನ್ ತೊಟ್ಟು ಕೂತಿದ್ದ ಅತ್ತೆ ಪಕ್ಕದ ಖಾಲಿ ಕುರ್ಚಿ ತಟ್ಟಿದರು.

"ಬಾರಪ್ಪಾ, ಕೂತ್ಕೋ. ನಾನು ಹೇಳಿಕೊಡ್ತೀನಿ. ಆದ್ರೆ ಒಂದು ತಿಳ್ಕೋ, ಇಲ್ಲಿಗೆ ಬಂದ ಕರೆಯನ್ನ ನೀನೇ ಎತ್ತಬೇಕು. ಇನ್ನೊಬ್ಬರಿಗೆ ದಾಟಿಸೋ ಹಾಗಿಲ್ಲ."

ಅವನು ಬಾಯಿ ತೆರೆದ. ಇಡೀ ಕೋಣೆ ಒಟ್ಟಿಗೇ, "ಆಯ್ತಾಯ್ತು!" ಎಂದು ಕೂಗಿತು.