ಆಗಾಲಿ ಎಂದ ಕಾಟಪ್ಪ

"ಹೆಗಲು ಬದಲಾಯಿಸ್ರಪ್ಪ, ಇನ್ನು ಆಗಂಗಿಲ್ಲ" ಎಂದು ಚಿನ್ನಯ್ಯ ಹೇಳುತ್ತಿದ್ದಂತೆ ಚಟ್ಟ ಹೊತ್ತವರು ಹಳ್ಳದ ದಡದಲ್ಲೇ ನಿಂತರು. ಮುಂದೆ ಹೋಗಲು ದಾರಿಯೇ ಇರಲಿಲ್ಲ. ಕೆಸರಿನಲ್ಲಿ ಅಣ್ಣನನ್ನು ಇಳಿಸಲು ಚಿನ್ನಯ್ಯನಿಗೆ ಮನಸ್ಸು ಬರಲಿಲ್ಲ.

ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗುವ ರಸ್ತೆಯನ್ನು ಮೋರಿ ಕಟ್ಟಲೆಂದು ಅಗೆದು ಹಾಕಿದ್ದರು. ಪ್ರತಿ ಮಳೆಗೂ ಅಲ್ಲಿ ನೀರು ನಿಂತು ಗಾಡಿಗಳು ಮಗುಚುತ್ತಿದ್ದವು. ಮಹಾರಾಜರ ಸರ್ಕಾರಕ್ಕೆ ಅದು ತಿಳಿಯುವಷ್ಟರಲ್ಲಿ ಎಷ್ಟೋ ಎತ್ತುಗಳ ಕಾಲು ಮುರಿದಿತ್ತು. ಮೋರಿ ಮುಗಿಯುವ ತನಕ ಹಳ್ಳದೊಳಗಿನ ಅಡ್ಡದಾರಿಯೇ ಗತಿ. ಅದರ ಅಗಲ ಒಂದು ಗಾಡಿಯಷ್ಟು, ಎರಡೂ ಬದಿಗೆ ಮೊಣಕಾಲುದ್ದ ಕೆಸರು. ಈಚೆಯವರನ್ನು ನಿಲ್ಲಿಸಿ ಆಚೆಯವರನ್ನು ಬಿಡುವುದು, ಆಮೇಲೆ ಆಚೆಯವರನ್ನು ನಿಲ್ಲಿಸಿ ಈಚೆಯವರನ್ನು ಬಿಡುವುದು ಕಾಟಪ್ಪನ ಕೆಲಸವಾಗಿತ್ತು. ಈಗ ಕಾಟಪ್ಪ ಚಟ್ಟದ ಮೇಲಿದ್ದ. ಇತ್ತಿಂದ ಇಳಿದ ಹತ್ತಿಯ ಗಾಡಿಗಳು, ಬಳ್ಳಾರಿ ಕಡೆಯಿಂದ ಬಂದ ಉಪ್ಪಿನ ಗಾಡಿಗಳು ನಡುಹಳ್ಳದಲ್ಲಿ ಕೊಂಬಿಗೆ ಕೊಂಬು ತಾಗಿಸಿಕೊಂಡು ನಿಂತಿದ್ದವು. ಹೂಳುವ ಜಾಗ ಆಚೆ ದಡದಲ್ಲಿತ್ತು.

ಮೇಸ್ತ್ರಿ ಸೋಮಶೇಖರಪ್ಪ ದಿನವೂ ರೇಗುವಂತೆಯೇ ರೇಗಿದ. "ಲೇ ಕಾಟಪ್ಪ, ಎಲ್ಲಿ ಸತ್ತೆಯಲೇ" ಎಂದುಬಿಟ್ಟ. ಮರುಗಳಿಗೆ ನಾಲಿಗೆ ಕಚ್ಚಿಕೊಂಡು, ರುಮಾಲು ತೆಗೆದು ಮುಖ ಮುಚ್ಚಿಕೊಂಡ. ಯಾರೂ ನಗಲಿಲ್ಲ.

ಉಪ್ಪಿನ ಗಾಡಿಗಳಲ್ಲಿ ಮುಂದಿನದರ ಮೇಲೆ ಕೂತಿದ್ದವನು ತೋಟಪ್ಪ. ಕಾಟಪ್ಪನ ಹೆಂಡತಿ ಪಾಲಮ್ಮ ಕೂಡಲೇ ಅವನ ಗುರುತು ಹಿಡಿದಳು. ಹಗೆ ಇಟ್ಟುಕೊಂಡವನ ಹಿಡಿ ಮಣ್ಣು ಬೀಳದಿದ್ದರೆ ಸತ್ತವನಿಗೆ ನೆಮ್ಮದಿ ಇಲ್ಲವೆಂಬ ಮಾತು ಅವರಲ್ಲಿತ್ತು. ಸಾಯುವ ಮುಂಚೆ ಕಾಟಪ್ಪ ಕೇಳಿದ್ದೂ ಅಷ್ಟೇ, ತೋಟಪ್ಪ ತನ್ನ ಮಣ್ಣಿಗೆ ಬರಲಿ ಎಂದು. ಅವಳು ಅವನ ಊರಿಗೆ ಹೇಳಿಕಳಿಸಿದ್ದಳು. ಅಲ್ಲಿಂದ ಮಾತು ಬಂದಿರಲಿಲ್ಲ. ಈಗಲೂ ಅವನು ಬಂದದ್ದು ಉಪ್ಪಿಗೇ ಹೊರತು ಮಣ್ಣಿಗಲ್ಲ.

*

ಎರಡು ಮಳೆಗಾಲದ ಹಿಂದೆ, ಇದೇ ರಸ್ತೆಯ ಇನ್ನೊಂದು ಮೋರಿಯ ಕೆಲಸ ನಡೆದಿತ್ತು. ಕಾಟಪ್ಪನ ಮನೆಮಾತು ತೆಲುಗು. ಕನ್ನಡ ಚೆನ್ನಾಗಿಯೇ ಬರುತ್ತಿತ್ತು, ಆದರೆ ಹೆದರಿದಾಗ ಮತ್ತು ಹೆಂಡತಿಯ ಜೊತೆ ಸರಸಕ್ಕಿಳಿದಾಗ ಅದು ಪೂರಾ ಮರೆತುಹೋಗುತ್ತಿತ್ತು. ಆ ಸಂಜೆ ತಿರುವಿನಿಂದ ಒಂದು ಗಾಡಿ ಜೋರಾಗಿ ಇಳಿದು ಬಂತು. ಹೊಡೆಯುತ್ತಿದ್ದವನು ತೋಟಪ್ಪನ ಅಣ್ಣ ಸಣ್ಣತಿಮ್ಮಪ್ಪ. ಹಿಂದೆ ಮೂಟೆಗಳ ಮೇಲೆ ತೋಟಪ್ಪ. ಹಿರಿಯೂರು ಕಡೆಯ ಈ ಅಣ್ಣತಮ್ಮಂದಿರಿಗೆ ತೆಲುಗಿನ ಗಂಧಗಾಳಿಯೂ ಇರಲಿಲ್ಲ.

ಹೆದರಿದ ಕಾಟಪ್ಪ ಕೈಯೆತ್ತಿ "ಆಗಾಲಿ, ಆಗಾಲಿ" ಎಂದು ಕೂಗಿದ. ಅವನ ಭಾಷೆಯಲ್ಲಿ ಅದು ನಿಲ್ಲಬೇಕು ಎಂಬ ಮಾತು. ಗಾಳಿಗೆ ಒಂದು ದೀರ್ಘ ಹಾರಿಹೋಯಿತು. ಸಣ್ಣತಿಮ್ಮಪ್ಪನ ಕಿವಿಗೆ ಬಿದ್ದದ್ದು "ಆಗಲಿ". ಕಾವಲಿನವನೇ ಆಗಲಿ ಅಂದಮೇಲೆ ಇನ್ನೇನು ಎಂದು ಅವನೂ ಕೈಯೆತ್ತಿ, ಎತ್ತುಗಳ ಬಾಲ ತಿರುವಿದ. ಗಾಡಿ ನೇರವಾಗಿ ಮೋರಿಗೆಂದು ಅಗೆದ ಗುಂಡಿಗೆ ಬಿತ್ತು. ತೋಟಪ್ಪ ಹಾರಿಕೊಂಡು ಉಳಿದ. ಅಣ್ಣ ನೊಗದಡಿ ಸಿಕ್ಕು ಸತ್ತ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಕಾಟಪ್ಪ ಆಡಿದ ಮಾತು ಸರಿಯಾಗಿಯೇ ಇತ್ತು, ಆದರೂ ಹೋದದ್ದು ಹೋಯಿತು. ಊರವರು ತೋಟಪ್ಪನಿಗೆ ಬಿಡಿಸಿ ಬಿಡಿಸಿ ಹೇಳಿದರು. ಅರ್ಥ ತಿಳಿದುಕೊಂಡರೆ ಅಣ್ಣ ಎದ್ದು ಬರುತ್ತಾನಾ ಎಂದು ಕೇಳಿ ಅವನು ಹೊರಟುಹೋದ.

ಅಂದಿನಿಂದ ಕಾಟಪ್ಪ ರಸ್ತೆಯಲ್ಲಿ ಬಾಯಿ ಬಿಡಲಿಲ್ಲ. ಕನ್ನಡವೂ ಬೇಡ, ತೆಲುಗೂ ಬೇಡ ಎಂದು ತಾನೇ ಗಾಡಿಗಳಿಗೆ ಅಡ್ಡ ನಿಲ್ಲತೊಡಗಿದ. ಪಾಲಮ್ಮ ಬೈದಳು, ಅತ್ತಳು, ಊಟ ಬಿಟ್ಟಳು. ಎತ್ತುಗಳು ಮನುಷ್ಯನನ್ನು ಕಂಡರೆ ನಿಲ್ಲುತ್ತವೆ ಕಣೇ ಎಂದು ಅವನು ಸಮಾಧಾನ ಮಾಡುತ್ತಿದ್ದ. ಹೋದ ವಾರ ಇಳಿಜಾರಿನಲ್ಲಿ ಒಂದು ಜೋಡಿ ನಿಲ್ಲಲಿಲ್ಲ. ಗಾಡಿಯ ಮೂಕಿಮರ ಅವನ ಎದೆಗೆ ಹೊಡೆದು ಹಾಸಿಗೆ ಹಿಡಿಸಿತು.

*

ಪಾಲಮ್ಮ ಸೀರೆ ಎತ್ತಿ ಕಟ್ಟಿ ಕೆಸರಿಗಿಳಿದು, ತೋಟಪ್ಪನ ಗಾಡಿಯ ಹತ್ತಿರ ಹೋದಳು.

"ದಾರಿ ಬಿಡು ಅಂತ ಕೇಳಾಕೆ ಬಂದಿಲ್ಲಣ್ಣ. ಒಂದು ಹಿಡಿ ಮಣ್ಣು ಹಾಕು. ನೀನು ಬರ್ತೀಯ ಅಂತ ಕಾದು ಕಾದು ಹೋದ ಅವನು."

ತೋಟಪ್ಪ ಎತ್ತುಗಳ ಕಡೆ ನೋಡುತ್ತ ಕೂತಿದ್ದ. "ಅವತ್ತು ಒಂದ್ಸಲ ಕನ್ನಡದಾಗೆ ಕೂಗಿದ್ರೆ ಸಾಕಿತ್ತಲ್ಲವ್ವ" ಎಂದ.

"ಸಾಕಿತ್ತು" ಎಂದಳು ಪಾಲಮ್ಮ. "ಅವನೂ ದಿನಾ ಅದನ್ನೇ ಅಂತಿದ್ದ."

ತೋಟಪ್ಪ ಈಗ ಅವಳ ಮುಖ ನೋಡಿದ. ಅವನು ಕೆಳಗಿಳಿದು ನೊಗದ ಹಗ್ಗ ಬಿಚ್ಚಿ ಎತ್ತುಗಳನ್ನು ಬಿಟ್ಟ. ಗಾಲಿಗೆ ಹೆಗಲು ಕೊಟ್ಟು, ತುಂಬಿದ ಗಾಡಿಯನ್ನು ದಾರಿಯಿಂದಾಚೆ ಕೆಸರಿಗೆ ನೂಕತೊಡಗಿದ. ಉಳಿದವರು ಓಡಿಬಂದು ಕೈ ಹಾಕಿದರು. ಗಾಡಿ ಅಚ್ಚಿನ ತನಕ ಹೂತುಕೊಂಡಿತು, ಕೆಳಗಿನ ಮೂಟೆಗಳಿಗೆ ನೀರು ಹತ್ತಿ ಉಪ್ಪು ಕರಗತೊಡಗಿತು. ತೋಟಪ್ಪ ಹಿಂದಿರುಗಿ ನೋಡದೆ ಇನ್ನೊಂದು ಗಾಡಿಗೆ ಹೋದ. ಒಂದೊಂದಾಗಿ ಗಾಡಿಗಳು ಸರಿದವು, ಚಟ್ಟ ಹಳ್ಳ ದಾಟಿತು.

ಹೆಣವನ್ನು ಕೆಳಗಿನಿಂದ ಹಿಡಿದುಕೊಳ್ಳಲು ಒಬ್ಬರು ಗುಂಡಿಗೆ ಇಳಿಯಬೇಕಿತ್ತು. ಚಿನ್ನಯ್ಯ ಇಳಿಯಲು ಹೋದಾಗ ಯಾರೋ ಹಿಂದಿನಿಂದ ಅವನ ಭುಜ ಹಿಡಿದರು. ನೋಡಿದರೆ ತೋಟಪ್ಪ, ಮೈಯೆಲ್ಲ ಕೆಸರು. ಅಣ್ಣ ಸತ್ತ ಮೇಲೆ ಅವನು ಯಾವ ಗುಂಡಿಯ ಹತ್ತಿರವೂ ಸುಳಿದವನಲ್ಲ. ಈಗ ಅಂಚಿಗೆ ಕೈಯೂರಿ ಇಳಿದ. ಮೇಲಿನವರು ಬಟ್ಟೆ ಹಿಡಿದು ನಿಧಾನವಾಗಿ ಬಿಟ್ಟರು. ಅವನು ಕಾಟಪ್ಪನ ತಲೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡ.

ಸೋಮಶೇಖರಪ್ಪ ಮೇಲೆತ್ತಲು ಕೈ ಚಾಚಿದ. ತೋಟಪ್ಪ ಅದನ್ನು ನೋಡಲಿಲ್ಲ. ಗುಂಡಿಯ ಸುತ್ತ ನಿಂತವರು ಹಿಡಿಯಲ್ಲಿದ್ದ ಮಣ್ಣನ್ನು ಹಾಕಲೂ ಆಗದೆ ಬಿಡಲೂ ಆಗದೆ ಕಾಯುತ್ತಿದ್ದರು. ಅವನು ಕಾಟಪ್ಪನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದ, ಪಾಲಮ್ಮ ಯಾರಿಗೂ ಅವಸರ ಮಾಡಗೊಡಲಿಲ್ಲ.